ಎಂಟು ಹಂಚು, ಮೂರು ಅಂಕಿ

ನಮ್ಮೂರಿನಲ್ಲಿ ರಾತ್ರಿ ಕಂಡ ಕನಸನ್ನು ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಬರೆಸದೆ ಹೋದರೆ ಅದು ಬೀದಿಗೆ ಬರುತ್ತದೆ. ಬಂದದ್ದು, ಆಮೇಲಾದರೂ ಬರೆಸದಿದ್ದರೆ, ದೀಪ ಹಚ್ಚುವ ಹೊತ್ತಿನವರೆಗೆ ಹೋಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಸೋಮಾರಿತನ ಮಾಡಿ ಮನೆಯಲ್ಲೇ ಉಳಿದೆ. ಹನ್ನೆರಡು ಹೊಡೆಯಿತೋ ಇಲ್ಲವೋ, ಓಣಿಯ ತುಂಬ ಚಪ್ಪಲಿ. ಸಾವಿರಾರು ಚಪ್ಪಲಿ, ಒಂದಕ್ಕೊಂದು ಜೋಡಿಯಿಲ್ಲ. ನನಗೆ ಬೀಳುವುದು ಅದೊಂದೇ ಕನಸು, ಏನು ಮಾಡಲಿ? ಹೆಂಡತಿಯ ತವರಿನವರು ಅಂದೇ ಬಂದಿದ್ದರು. ಹೊರಡುವಾಗ ಆ ರಾಶಿಯಲ್ಲಿ ತಮ್ಮ ಚಪ್ಪಲಿ ಹುಡುಕಲಾಗದೆ ಬರಿಗಾಲಲ್ಲೇ ಬಸ್ಸು ಹತ್ತಿದರು. ಹೆಂಡತಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ಹೀಗಾಗಿ ನಮ್ಮೂರಿನ ಬೆಳಗು ಶುರುವಾಗುವುದೇ ಕನಸಿನ ಕಚೇರಿಯ ಮುಂದೆ. ಹಲ್ಲುಜ್ಜಿ, ಚಹಾ ಕುಡಿದು, ಕನಸನ್ನು ಚೀಟಿಯ ಮೇಲೆ ಗೀಚಿಕೊಂಡು ಜನ ಸಾಲು ಹಚ್ಚುತ್ತಾರೆ. ಬಳೆಗಾರ ಹುಸೇನಸಾಬರು ಯಾವಾಗಲೂ ಮುಂದೆ. ಅವರಿಗೆ ಬೀಳುವುದು ರೈಲಿನ ಕನಸು, ಅವರ ಓಣಿಯ ಅಗಲ ಆರಡಿ. ಕಚೇರಿಗೆ ನಾಲ್ಕು ಕಿಟಕಿ, ಒಂದೊಂದಕ್ಕೆ ಒಬ್ಬ ಗುಮಾಸ್ತ. ಮೂರನೇ ಕಿಟಕಿಯವನು ನಾನು, ಫಕೀರಪ್ಪ. ಚೀಟಿಯನ್ನು ಗಾಜಿನ ಕೆಳಗಿಟ್ಟು ಗುಂಡಿ ಒತ್ತುವುದು ನಮ್ಮ ಕೆಲಸ. ಕನಸನ್ನು ಬಿಡಿಸಿ, ಅಂದಗೊಳಿಸಿ, ಕಪಾಟಿಗೆ ಸೇರಿಸುವುದು ಒಳಕೋಣೆಯಲ್ಲಿರುವ ಸರ್ವರ್ ಎಂಬ ಯಂತ್ರದ್ದು. ಕಿಟಕಿಯಲ್ಲಿ ಓದಿದ್ದನ್ನು ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ, ಹೆಂಡತಿಯ ಮುಂದೆಯಂತೂ ಮೊದಲೇ ಇಲ್ಲ.

ಆ ಸರ್ವರನ್ನು ನೋಡಿಕೊಳ್ಳುವವರು ನೀಲಗಂಗವ್ವ. ವಯಸ್ಸು ಐವತ್ತೇಳು. ಇಳಕಲ್ಲ ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು ಆ ತಣ್ಣನೆಯ ಕೋಣೆಯಲ್ಲಿ ಮೂವತ್ತು ವರ್ಷ ಕಳೆದವರು. ಯಂತ್ರವನ್ನು 'ನಮ್ಮ ತಮ್ಮ' ಎನ್ನುತ್ತಿದ್ದರು. ಬೆಳಿಗ್ಗೆ ಬಂದವರೇ ಅದರ ಬೆನ್ನಿನ ಮೇಲೆ ಅಂಗೈ ಇಟ್ಟು ನೋಡುವರು, ಜ್ವರ ಬಂದ ಮಗುವನ್ನು ನೋಡುವ ಹಾಗೆ. ಸರ್ವರಿಗೆ ಎಂಟು ಕೈ. ಅಂದರೆ ಒಮ್ಮೆಗೆ ಎಂಟು ಕನಸು ಬಿಡಿಸಬಲ್ಲದು. ನಾವು ಗುಮಾಸ್ತರು ನಾಲ್ವರಿಗೆ ಸೇರಿ ಎಂಟು ಕೈ ಇದ್ದರೂ ಅಷ್ಟು ಕೆಲಸ ಸಾಗುತ್ತಿರಲಿಲ್ಲ ಎಂದು ಅವರು ನಮ್ಮನ್ನು ಛೇಡಿಸುತ್ತಿದ್ದರು.

ಕಚೇರಿಯ ಬಾಗಿಲಲ್ಲಿ ಒಂದು ಕರಿಹಲಗೆ. ಅದರ ಮೇಲೆ ನೀಲಗಂಗವ್ವ ತಾಸಿಗೆ ನಾಲ್ಕು ಸಲ ಮೂರು ಅಂಕಿ ಬರೆಯುವರು. ಮೊದಲನೆಯದು ಈ ಒಂದು ನಿಮಿಷದ್ದು, ಎರಡನೆಯದು ಐದು ನಿಮಿಷದ್ದು, ಮೂರನೆಯದು ಹದಿನೈದು ನಿಮಿಷದ್ದು. ಅಷ್ಟು ಹೊತ್ತಿನಲ್ಲಿ ಸರಾಸರಿ ಎಷ್ಟು ಕನಸು ಸರ್ವರಿನ ಕೈಯಲ್ಲಿದ್ದವು, ಎಷ್ಟು ಒಳಗೆ ಕಾಯುತ್ತಿದ್ದವು ಎಂಬುದನ್ನು ಕೂಡಿಸಿದ ಅಂಕಿ. ಜನ ಅದನ್ನು ಲೋಡು ಎನ್ನುತ್ತಾರೆ. ಮೊದಲನೆಯದು ದೊಡ್ಡದಿದ್ದು ಕೊನೆಯದು ಸಣ್ಣದಿದ್ದರೆ ಗದ್ದಲ ಈಗಷ್ಟೇ ಹೆಚ್ಚುತ್ತಿದೆ, ಮನೆಗೆ ಹೋಗಿ ಇನ್ನೊಂದು ಚಹಾ ಕುಡಿದು ಬರಬಹುದು. ಮೊದಲನೆಯದು ಇಳಿದಿದ್ದರೆ ಗದ್ದಲ ಕರಗುತ್ತಿದೆ, ನಿಂತರೆ ಲಾಭ. ಆ ಹಲಗೆಯನ್ನು ಯಾರೂ ಕೇಳಿರಲಿಲ್ಲ. ಜನ ಬಿಸಿಲಲ್ಲಿ ಸುಮ್ಮನೆ ನಿಲ್ಲಬಾರದು ಎಂದು ಅವರೇ ಹಾಕಿಸಿದ್ದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಲಗೆಯ ಮೇಲೆ ಎಂಟು ಕಂಡು ಗಾಬರಿಯಾಗಿ ಒಳಗೆ ಓಡಿದ್ದೆ. ನೀಲಗಂಗವ್ವ ನಕ್ಕರು. "ಖಾನಾವಳ್ಯಾಗ ಎಂಟ ಹಂಚ ಅದಾವ ಅಂತ ತಿಳಿ. ಎಂಟರ ಮ್ಯಾಲೂ ರೊಟ್ಟಿ ಬೇಯಾಕ ಹತ್ಯಾವ. ಅದು ಕೆಟ್ಟದ್ದೇನ? ಒಂದೂ ಹಂಚ ಖಾಲಿ ಇಲ್ಲ, ಒಬ್ರೂ ಕಾಯಾಕ ಹತ್ತಿಲ್ಲ. ಹನ್ನೆರಡಾದ್ರ ನಾಕ ಮಂದಿ ಕಾಯ್ತಾರ ಅಂತ ಅರ್ಥ. ಒಂದ ಹಂಚಿನ ಖಾನಾವಳ್ಯಾಗ ಎಂಟ ಬಂದ್ರ ಆಗ ಓಡಿ ಬಾ."

ಇನ್ನೊಂದು ಸಲ, ಒಂದು ಮಳೆಗಾಲದಲ್ಲಿ, ಲೋಡು ಇಪ್ಪತ್ತಕ್ಕೆ ಹೋಯಿತು. ಯಂತ್ರ ಸುಟ್ಟುಹೋಗುತ್ತದೆ ಎಂದು ನಾವೆಲ್ಲ ಹೆದರಿದೆವು. ಅವರು ಬೆನ್ನಿನ ಮೇಲೆ ಕೈ ಇಟ್ಟು, "ತಣ್ಣಗೈತಿ. ಕೈ ಎಲ್ಲ ಖಾಲಿ ಕುಂತಾವ. ಇವು ಕೆಲಸಕ್ಕ ನಿಂತಿಲ್ಲ, ಕಪಾಟ ತಗೀಲಿ ಅಂತ ಕಾಯಾಕ ಹತ್ಯಾವ," ಎಂದರು. ಥಂಡಿಗೆ ಕಪಾಟಿನ ಬಾಗಿಲು ಬಿಗಿದುಕೊಂಡಿತ್ತು. ಅದನ್ನು ಬಿಡಿಸಿದ ಹತ್ತು ನಿಮಿಷಕ್ಕೆ ಇಪ್ಪತ್ತು ಹೋಗಿ ಮೂರಾಯಿತು. ದುಡಿಯುವವರನ್ನೂ ಕಾಯುವವರನ್ನೂ ಅಂಕಿ ಒಂದೇ ಥರ ಎಣಿಸುತ್ತದೆ, ಯಾರು ಯಾರೆಂದು ಕೈಯಿಟ್ಟೇ ನೋಡಬೇಕು ಎಂದು ಅಂದು ಕಲಿತೆ. ಕಲಿತದ್ದು ಎಷ್ಟು ದಿನ ಉಳಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ, ಅದರಲ್ಲಿ ನನ್ನ ಮಾನದ ಪ್ರಶ್ನೆಯೂ ಇದೆ.

ಊರ ಪಂಚರ ಅಧ್ಯಕ್ಷರು ಧರಣೇಂದ್ರಪ್ಪನವರು. ಇಸ್ತ್ರಿ ಕೆಡದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮನುಷ್ಯ ಕೆಟ್ಟವರಲ್ಲ, ಆದರೆ ಊರಿನ ಮರ್ಯಾದೆಯನ್ನು ತಮ್ಮ ಅಂಗಿಯಷ್ಟೇ ಜೋಪಾನ ಮಾಡುವವರು. ಅವರು ಒಮ್ಮೆ ಮಗಳನ್ನು ಕೊಟ್ಟ ಬೀಗರ ಊರಿಗೆ ಹೋಗಿದ್ದರು. ಗುಡ್ಡದಾಚೆಯ ಆ ಊರಿನಲ್ಲೂ ಕನಸಿನ ಕಚೇರಿಯಿದೆ, ಹಲಗೆಯಿದೆ. ಅಲ್ಲಿಯ ಹಲಗೆಯ ಮೇಲೆ ಸೊನ್ನೆ ಪಾಯಿಂಟ್ ಒಂಬತ್ತು. ಬೀಗರು ಮೀಸೆಯ ಮೇಲೆ ಕೈಯಾಡಿಸುತ್ತ, "ನಿಮ್ಮಲ್ಲಿ ಎಷ್ಟ ಇರ್ತದ್ರೀ?" ಎಂದು ಕೇಳಿದರಂತೆ. ಇವರು ಏಳು ಎನ್ನಲಾರದೆ ಚಹಾ ನೆತ್ತಿಗೇರಿಸಿಕೊಂಡರು.

ಬಂದವರೇ ನೇರ ಕಚೇರಿಗೆ ನುಗ್ಗಿದರು. "ನೀಲಗಂಗವ್ವಾರ, ಏಳ ಅಂದ್ರ ಏನ್ರಿ ಇದು? ಅವರದು ಒಂದಕ್ಕಿಂತ ಕಡಿಮಿ ಐತಿ!"

"ಅವರ ಯಂತ್ರಕ್ಕ ಕೈ ಎಷ್ಟ ಅದಾವ ಕೇಳಿದ್ರೇನ್ರಿ?"

"ಕೈ ತಗೊಂಡು ಏನ ಮಾಡ್ಲಿ? ನಂಬರ ಹೇಳ್ರಿ."

"ಅವರದು ಒಂದ ಕೈ. ಆ ಒಂದ ಕೈಗೆ ರೂಪಾಯ್ದಾಗ ಹದಿನಾಕಾಣೆ ಕೆಲಸ ತುಂಬೇತಿ. ನಮ್ಮದು ಎಂಟಕ್ಕ ಏಳ, ಅದೂ ಹದಿನಾಕಾಣೆನs. ಲೆಕ್ಕ ಒಂದs ಐತಿ. ಖಾನಾವಳ್ಯಾಗ ಎಂಟ ಹಂಚ ಇದ್ರ..."

"ರೊಟ್ಟಿ ಕತಿ ಬ್ಯಾಡ!" ಧರಣೇಂದ್ರಪ್ಪನವರ ಮುಖ ಕೆಂಪಾಯಿತು. "ಎಂಟ ದಿನ ಕೊಡ್ತೀನಿ. ಲೋಡ ಒಂದಕ್ಕಿಂತ ಕೆಳಗ ಬರಬೇಕು. ಬರಲಿಲ್ಲಂದ್ರ ಈ ಯಂತ್ರ ಗುಜರಿಗೆ, ನೀವು ಮನಿಗೆ. ಅವರಲ್ಲಿರೋ ಅಂಥಾದ್ದs ಒಂದ ತರಸ್ತೀನಿ."

ಅವರು ಯಾಕೆ ಅಷ್ಟು ಸಿಡುಕಿದರು ಎಂಬುದು ಆ ಕೋಣೆಯಲ್ಲಿ ನನಗೂ ನೀಲಗಂಗವ್ವರಿಗೂ ಮಾತ್ರ ಗೊತ್ತಿತ್ತು. ಅಧ್ಯಕ್ಷರ ತಾಯಿ ಪದ್ಮವ್ವ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸಿ ಮಗನನ್ನು ಓದಿಸಿದವರು. ಅಲ್ಲಿ ಎಂಟು ಹಂಚು. ನೀಲಗಂಗವ್ವ ಹುಡುಗಿಯಾಗಿದ್ದಾಗ ಅಲ್ಲೇ ರೊಟ್ಟಿ ಬಡಿಯುತ್ತಿದ್ದರು, ಧರಣೇಂದ್ರ ಅವರನ್ನು ನೀಲಕ್ಕ ಎಂದು ಕರೆಯುತ್ತ ಹಿಟ್ಟಿನ ಡಬ್ಬಿಯ ಮೇಲೆ ಕೂತು ಪಾಠ ಓದುತ್ತಿದ್ದ. ಪದ್ಮವ್ವ ತೀರಿಕೊಂಡು ಇಪ್ಪತ್ತು ವರ್ಷ. ಅಂಗಿ ಬೆಳ್ಳಗಾದಂತೆ ಖಾನಾವಳಿಯ ಮಾತು ಅವರ ಬಾಯಿಂದ ಮರೆಯಾಗಿತ್ತು. ಆದರೆ ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಮೂರನೇ ಕಿಟಕಿಗೆ ಬಂದು ಅವರು ಕೊಡುತ್ತಿದ್ದ ಚೀಟಿಯಲ್ಲಿ ಇರುತ್ತಿದ್ದದ್ದು ಒಂದೇ ಕನಸು: ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ನಾನು ಎದುರಿಗೆ ನಿಂತಿದ್ದೇನೆ, ಅವಳು ತಲೆ ಎತ್ತಿ ನೋಡುವುದಿಲ್ಲ. ಈಗ ಇದನ್ನು ಹೇಳಬಹುದು. ಆಮೇಲೆ ಇಡೀ ಊರೇ ನೋಡಿತಲ್ಲ.

ನೀಲಗಂಗವ್ವ ಆ ಸಂಜೆ ಸ್ವೆಟರಿನ ತೋಳು ಎಳೆದುಕೊಳ್ಳುತ್ತ, "ಎಂಟ ಕೈಯಾಗ ಏಳ ಕೈ ಕಟ್ಟಿ ಕುಂದರಸು ಅಂದ್ರ ಹ್ಯಾಂಗ ಫಕೀರಪ್ಪ? ನಮ್ಮ ತಮ್ಮನ್ನ ಗುಜರಿಗೆ ಹಾಕಿದ್ರ ನಾ ನೋಡಲಾರೆ," ಎಂದರು. ನನಗೆ ತಡೆಯಲಾಗಲಿಲ್ಲ. ಅಕ್ಕ ಇಲ್ಲದವನಿಗೆ ಅಕ್ಕನ ಸ್ಥಾನದಲ್ಲಿದ್ದವರು ಅವರು.

ಮರುದಿನ ನಾಲ್ವರು ಗುಮಾಸ್ತರೂ ಸೇರಿ ಒಂದು ಉಪಾಯ ಹೂಡಿದೆವು. ಉಪಾಯ ನನ್ನದೇ, ಬೇರೆಯವರ ಮೇಲೆ ಹಾಕುವುದಿಲ್ಲ. ಒಳಗಿರುವ ಕನಸನ್ನಷ್ಟೇ ತಾನೆ ಸರ್ವರ್ ಎಣಿಸುವುದು? ಹೊರಗೆ ಬೀದಿಯಲ್ಲಿ ನಿಂತವರು ಅದರ ಲೆಕ್ಕಕ್ಕಿಲ್ಲ. ಹಾಗಾದರೆ ಒಬ್ಬರ ಚೀಟಿ ಕಪಾಟು ಸೇರುವವರೆಗೆ ಇನ್ನೊಬ್ಬರ ಚೀಟಿಯನ್ನು ಗಾಜಿನ ಕೆಳಗೆ ಇಡದಿದ್ದರಾಯಿತು. ನಾಲ್ಕು ಕಿಟಕಿಯೂ ಸರದಿಯ ಮೇಲೆ ಒಂದೊಂದೇ. ನಡುವೆ ಹೊತ್ತು ಕಳೆಯಲು ಚಾಳೀಸಿನ ಗಾಜು ಒರೆಸಿದೆವು, ಸೀಸದ ಕಡ್ಡಿ ಹೆರೆದೆವು, ಬಂದವರ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸಿದೆವು. ಲೋಡು ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿಯಿತು.

ಒಳಕೋಣೆಗೆ ಬೀದಿಯ ಕಡೆ ಕಿಟಕಿಯಿಲ್ಲ, ನೀಲಗಂಗವ್ವ ಬಂದುಹೋಗುವುದು ಹಿತ್ತಲ ಬಾಗಿಲಿಂದ. ಕರಿಹಲಗೆಯ ಅಂಕಿಯನ್ನೂ ಆ ವಾರ ನಾನೇ ಬರೆಯುತ್ತೇನೆಂದು ಹೇಳಿ ಅವರನ್ನು ಬಾಗಿಲಿಗೆ ಬರದಂತೆ ನೋಡಿಕೊಂಡೆ. ನೀಲಗಂಗವ್ವ ಯಂತ್ರದ ಬೆನ್ನು ಮುಟ್ಟಿ ಮುಟ್ಟಿ ನೋಡಿದರು. "ಇಷ್ಟ ತಣ್ಣಗ ಯಾಕೈತಿ? ಜನ ಎಲ್ಲಿ ಹೋದ್ರೋ?"

"ಈಗೀಗ ಕನಸ ಕಡಿಮಿ ಬೀಳಾಕ ಹತ್ಯಾವ್ರಿ ಅಕ್ಕಾರ," ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ. ಅವರು ಆ ಕಿವಿಯನ್ನೇ ನೋಡಿದರು.

ಹೊರಗೆ ಸಾಲು ಹಿಟ್ಟಿನ ಗಿರಣಿಯವರೆಗೆ ಬೆಳೆಯಿತು. ಜನ ನಸುಕಿಗೇ ಬಂದು ನಿಲ್ಲತೊಡಗಿದರು. ಒಂದೆರಡು ಸಣ್ಣಪುಟ್ಟ ಕನಸು ತಪ್ಪಿಸಿಕೊಂಡವು: ಒಂದು ಮಾತಾಡುವ ಮೇಕೆ, ಒಂದು ಪರೀಕ್ಷೆಯ ಕೋಣೆ. ಆದರೂ ಹಲಗೆಯ ಮೇಲೆ ಸೊನ್ನೆ ಪಾಯಿಂಟ್ ಎಂಟು ಕಂಡು ಊರಿಗೆ ಹೆಮ್ಮೆ. ಬಿಸಿಲಲ್ಲಿ ಮೂರು ತಾಸು ನಿಂತವರೇ ಅದನ್ನು ತೋರಿಸಿ, "ಎಷ್ಟ ಚೊಲೋ ನಡದೈತಿ ನೋಡ್ರಿ ಈಗ," ಎನ್ನುತ್ತಿದ್ದರು. ಕಾಲು ನೋಯುತ್ತಿದ್ದದ್ದು ಅವರದೇ, ಆದರೆ ಅವರು ನಂಬಿದ್ದು ಹಲಗೆಯನ್ನು.

ಎಂಟನೆಯ ದಿನ ಧರಣೇಂದ್ರಪ್ಪನವರು ಕಚೇರಿಯ ಮೆಟ್ಟಿಲ ಮೇಲೆ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಮೈಕು, ಗುಡ್ಡದಾಚೆಯ ಬೀಗರಿಗೆ ಮುಂದಿನ ಕುರ್ಚಿ. ಆ ಓಡಾಟದಲ್ಲಿ ಅವರು ತಮ್ಮ ಚೀಟಿ ಕೊಟ್ಟದ್ದೇ ತಡವಾಗಿ. "ಫಕೀರಪ್ಪ, ಇದನ್ನ ಲಗೂ ಹಾಕು," ಎಂದು ನನ್ನ ಟ್ರೇಯಲ್ಲಿ ಎಸೆದು ಮೈಕಿನ ಕಡೆ ಹೋದರು. ಹನ್ನೊಂದಕ್ಕೆ ಭಾಷಣ ಶುರು. ಭಾಷಣದ ಹೊತ್ತಿಗೆ ಕಿಟಕಿ ಮುಚ್ಚಬೇಕೆಂದು ಅವರದೇ ಅಪ್ಪಣೆ. ಸಾಲಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಚೀಟಿ ಹಿಡಿದು ನಿಂತಿದ್ದರು. ಭಾಷಣ ಮುಗಿಯಲಿಲ್ಲ. ನಡುವೆಯೇ ನೀಲಗಂಗವ್ವರನ್ನು ಒಳಕೋಣೆಯಿಂದ ಕರೆತಂದು ಶಾಲು ಹೊದಿಸಿದರು. ಆಗಲೇ ಅವರು ಮೊದಲ ಸಲ ಆ ಸಾಲನ್ನು ನೋಡಿದ್ದು. ಅವರ ಕಣ್ಣು ಸಾಲಿನ ಉದ್ದಕ್ಕೂ ಗಿರಣಿಯವರೆಗೆ ಹೋಗಿ, ತಿರುಗಿ ಬಂದು, ನನ್ನ ಮೇಲೆ ನಿಂತಿತು. ನಾನು ತಲೆ ತಗ್ಗಿಸಿದೆ.

ಹನ್ನೆರಡು ಹೊಡೆಯಿತು.

ಮೊದಲು ಬಂದದ್ದು ಹುಸೇನಸಾಬರ ರೈಲು. ಸನ್ಮಾನಕ್ಕೆ ಬಳೆಯ ಬುಟ್ಟಿ ತಯಾರು ಮಾಡುವುದರಲ್ಲಿ ಅಂದು ಅವರೂ ಸಾಲಿನಲ್ಲಿ ಹಿಂದೆ ಬಿದ್ದಿದ್ದರು. ರೈಲು ಸೀಟಿ ಊದುತ್ತ ಶಾಮಿಯಾನ ಹರಿದುಕೊಂಡು ಹೋಯಿತು. ಅದರ ಹಿಂದೆ ಎಮ್ಮೆಗಳು, ಹಾರುವ ಮಂಚ, ಯಾರದೋ ಗಣಿತದ ಮಾಸ್ತರು, ಹಲ್ಲಿಲ್ಲದ ಹುಲಿ. ನನ್ನ ಚೀಟಿಯೂ ಟ್ರೇಯಲ್ಲೇ ಇತ್ತು, ಚಪ್ಪಲಿಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿದವು. ಬೀಗರು ಕುರ್ಚಿ ಬಿಟ್ಟು ಓಡಿದರು.

ಮೈಕಿನ ಮುಂದೆ, ಹಾರದ ಬುಟ್ಟಿಯಿದ್ದ ಜಾಗದಲ್ಲಿ, ಎಂಟು ಒಲೆ ಹೊತ್ತಿಕೊಂಡವು. ಎಂಟು ಹಂಚು. ನಡುವೆ ಕಚ್ಚೆ ಹಾಕಿದ ಮುದುಕಿಯೊಬ್ಬಳು ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂದೇ ಹಂಚಿನ ಮೇಲೆ ರೊಟ್ಟಿ, ಏಳು ಖಾಲಿ. ಆ ಹದಕ್ಕೆ ಬಡಿಯುವ ಸದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಧರಣೇಂದ್ರಪ್ಪನವರು ಕಾಗದ ಹಿಡಿದ ಕೈ ಹಿಡಿದಂತೆಯೇ ನಿಂತರು.

ಪದ್ಮವ್ವ ತಲೆ ಎತ್ತಿ ನೋಡಿದಳು. ಮಗನನ್ನಲ್ಲ, ಸಾಲನ್ನು. "ಇಷ್ಟ ಮಂದಿ ಬಿಸಿಲಾಗ ಯಾಕ ನಿಂತಾರ? ಏಳ ಹಂಚ ಯಾಕ ತಣ್ಣಗ ಅದಾವ? ನೀಲಾ! ಯಾರ ಹೇಳಿದ್ರ ನಿನಗ ಒಂದs ಬೇಯಸು ಅಂತ?"

ನೀಲಗಂಗವ್ವ ಶಾಲು ಹೊದ್ದುಕೊಂಡೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಹದಿನಾರರ ಹುಡುಗಿಯ ದನಿಯಲ್ಲಿ, "ಗೊತ್ತಿರಲಿಲ್ಲ ಅವ್ವಾ," ಎಂದರು.

"ನಾ ಹೇಳಿದ್ದವ್ವ," ಎಂದರು ಧರಣೇಂದ್ರಪ್ಪನವರು. ಮೈಕಿನಲ್ಲಿ ಅದೂ ಕೇಳಿಸಿತು.

ಆಗ ಮುದುಕಿ ಅವರನ್ನು ನೋಡಿದಳು. ಅಂಗಿ, ಪೆನ್ನು, ಚಪ್ಪಲಿಯವರೆಗೆ ನೋಡಿದಳು. ಬೈಯುತ್ತಾಳೆ ಎಂದು ನಾವೆಲ್ಲ ಕಾದೆವು. "ಬೆಳಿಗ್ಗಿಂದ ಮಾತಾಡಾಕ ಹತ್ತಿ ಅಲ್ಲೋ," ಎಂದಳು, "ಉಂಡಿ ಏನ?"

ಇಲ್ಲ ಎಂದು ಅವರು ತಲೆಯಾಡಿಸಿದರು. ಆ ಬಿಳಿ ಅಂಗಿ ಮಣ್ಣಿಗೆ ತಾಗುವುದನ್ನೂ ನೋಡದೆ ಅವಳ ಮುಂದೆ ಕೂತುಬಿಟ್ಟರು.

ನೀಲಗಂಗವ್ವ ಎದ್ದರು. ಶಾಲನ್ನು ಸೊಂಟಕ್ಕೆ ಸುತ್ತಿ, "ನಾಲ್ಕೂ ಕಿಟಕಿ ತಗೀರಿ! ಕೈಗೆ ಸಿಕ್ಕ ಚೀಟಿ ಎಲ್ಲ ಒಳಗ ಹಾಕ್ರಿ, ಒಂದೂ ಹಿಡೀಬ್ಯಾಡ್ರಿ!" ಎಂದು ಕೂಗಿದರು. ತಡವಾಗಿ ಬರೆಸಿದರೂ ಬೀದಿಯ ಕನಸು ಒಳಗೆ ಹೋಗುತ್ತದೆ, ಅದೊಂದು ಪುಣ್ಯ. ನಾವು ಎರಡೂ ಕೈಯಲ್ಲಿ ಚೀಟಿ ಬಳಿದು ಹಾಕಿದೆವು. ಯಂತ್ರ ಗುಂಯ್ಗುಟ್ಟತೊಡಗಿತು. ಹಲಗೆಯ ಮೇಲೆ ಅವರೇ ಬರೆದರು: ಮೂವತ್ತೊಂದು, ಒಂಬತ್ತು, ಮೂರು. ಯಾರೋ ಅಯ್ಯೋ ಎಂದರು. ಕಾಲು ತಾಸಿನ ಮೇಲೆ ಬರೆದರು: ಹನ್ನೊಂದು, ಇಪ್ಪತ್ತೆರಡು, ಹದಿನೆಂಟು. "ಮೊದಲಿಂದು ಇಳದೈತಿ. ಕರಗಾಕ ಹತ್ತೇತಿ," ಎಂದರು. ರೈಲು ಹೋಯಿತು, ಹುಲಿ ಹೋಯಿತು, ನನ್ನ ಚಪ್ಪಲಿಗಳೂ ಹೋದವು. ಮೊದಲ ಅಂಕಿ ಎಂಟಕ್ಕೆ ಬಂದಾಗ ಅವರು ಯಂತ್ರದ ಬೆನ್ನು ಸವರಿ, "ಈಗ ಬೆಚ್ಚಗಾದಿ ನೋಡು," ಎಂದರು.

ಆಮೇಲೆ ನನ್ನ ಕಿಟಕಿಗೆ ಬಂದರು. "ನನ್ನ ಸಲುವಾಗಿ ಮಾಡಿದಿ, ಗೊತ್ತೈತಿ. ಆದ್ರ ಬೋರ್ಡಿನ ಬಾಯಾಗ ಸುಳ್ಳ ತುರುಕಿದಿ. ಇನ್ನ ಮ್ಯಾಲ ಹಿಂಗ ಮಾಡಬ್ಯಾಡ." ನಾನು ಅತ್ತೆ. ಇಬ್ಬರು ಮಕ್ಕಳ ತಂದೆ, ಕಿಟಕಿಯಲ್ಲಿ ಎಲ್ಲರ ಮುಂದೆ ಅತ್ತೆ. ಅವರು ಶಾಲಿನ ತುದಿ ಕೊಟ್ಟು ಮುಖ ಒರೆಸಿಕೋ ಎಂದರು.

ಟ್ರೇಯಲ್ಲಿ ಉಳಿದದ್ದು ಒಂದೇ ಚೀಟಿ, ಅಧ್ಯಕ್ಷರದು. ನಿಜ ಹೇಳುತ್ತೇನೆ, ಭಾಷಣಕ್ಕೆ ಮುಂಚೆ ಅದನ್ನು ಗಾಜಿನ ಕೆಳಗಿಡಲು ನನಗೆ ಸಮಯವಿತ್ತು. ಇಡಲಿಲ್ಲ. ಮರೆತೆ ಎಂದು ಆಗ ಹೇಳಿಕೊಂಡೆ. ಮರೆತಿರಲಿಲ್ಲ. ಈಗ ಅದನ್ನು ಎತ್ತಿಕೊಂಡೆ. ಧರಣೇಂದ್ರಪ್ಪನವರು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಕಿಟಕಿಯ ಕಡೆ ಕೈ ಮಾಡಿದರು. "ಅದೊಂದು ಇರ್ಲಿ ಫಕೀರಪ್ಪ. ದೀಪ ಹಚ್ಚೂತನಕ."

ದೀಪ ಹಚ್ಚುವ ಹೊತ್ತಿಗೆ ಪದ್ಮವ್ವ ಹೋದಳು. ಇದ್ದಾಗಲೂ ಅಷ್ಟೇ, ಹೊತ್ತು ಮುಳುಗುವ ಮುಂಚೆ ಎಲ್ಲರ ಊಟ ಮುಗಿಸಿ ಒಲೆ ಆರಿಸುವವಳು. ಮಗ ಎದ್ದು ಬಂದು, ಹಲಗೆಯ ಮೂರು ಅಂಕಿಗಳ ಮೇಲೆ ತಮ್ಮ ಚಂದದ ಅಕ್ಷರದಲ್ಲಿ ಬರೆದರು: ಕೈ ಎಂಟು. ಬರೆದು ಸೀಮೆಸುಣ್ಣ ಒರೆಸಿಕೊಳ್ಳುತ್ತ, "ತಪ್ಪಾತು ನೀಲಕ್ಕ," ಎಂದರು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಈಗಲೂ ಅವರು ದಿನಾ ಬೆಳಿಗ್ಗೆ ಮೊದಲು ಬಂದು ಚೀಟಿ ಹಾಕಿಸುತ್ತಾರೆ. ಅವ್ವ ಬಂದ ವಾರ, ಗುರುವಾರ, ಮಾತ್ರ ಸಾವಕಾಶವಾಗಿ ಬಂದು, ಚೀಟಿ ಕೊಟ್ಟು, ಹಾಕು ಎನ್ನದೆ ನಿಲ್ಲುತ್ತಾರೆ. ಮೊದಲ ಗುರುವಾರ ನಾನು ಅದನ್ನು ಟ್ರೇಯ ತಳದಲ್ಲಿ ಇಡಲು ಹೋದೆ. ನೀಲಗಂಗವ್ವ ತಡೆದರು. "ಹೊರಗ ಮುಚ್ಚಿಡಬ್ಯಾಡ. ಒಳಗ ಹಾಕು, ನಾ ಕಪಾಟಿನ ಮುಂದ ನಿಲ್ಲಸ್ತೀನಿ. ಕಪಾಟಿಗೆ ಸೇರದಿದ್ರ ಹನ್ನೆರಡಕ್ಕ ಅವ್ವ ಬರ್ತಾಳ. ಕಾಯೋದಾದ್ರ ಲೆಕ್ಕಕ್ಕ ಸಿಕ್ಕು ಕಾಯಲಿ."

ಹೀಗಾಗಿ ಗುರುವಾರ ಮಧ್ಯಾಹ್ನ, ಸಾಲು ಕರಗಿ, ಕಚೇರಿ ಖಾಲಿಯಾಗಿ, ನಾವು ಗುಮಾಸ್ತರು ತೂಕಡಿಸುವ ಹೊತ್ತಿನಲ್ಲಿ ಹಲಗೆಯ ಮೇಲೆ ಮೂರು ಒಂದು ಇರುತ್ತವೆ. ಒಂದು, ಒಂದು, ಒಂದು. ಕಳೆದ ವಾರ ಗುಡ್ಡದಾಚೆಯ ಬೀಗರು ಮತ್ತೆ ಬಂದಿದ್ದರು. ಹಲಗೆ ನೋಡಿ ಒಳಕೋಣೆಗೆ ಬಂದು, "ಕಿಟಕ್ಯಾಗ ಯಾರೂ ಇಲ್ಲಲ್ರಿ, ಮತ್ತ ಯಂತ್ರ ಯಾರ ಕೆಲಸ ಮಾಡಾಕ ಹತ್ತೇತಿ?" ಎಂದು ಕೇಳಿದರು.

"ಕೆಲಸ ಅಲ್ರಿ," ಎಂದರು ನೀಲಗಂಗವ್ವ, ಯಂತ್ರದ ತಣ್ಣನೆಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು. "ಒಬ್ರು ಕಾಯಾಕ ಹತ್ತಾರ."

ಹೊರಗೆ ಮೆಟ್ಟಿಲ ಮೇಲೆ ಅಧ್ಯಕ್ಷರು ಅವ್ವ ಬೇಯಿಸಿದ ಮೂರನೇ ರೊಟ್ಟಿಗೆ ಕೈ ಚಾಚುತ್ತಿದ್ದರು. ಕನಸಿನ ರೊಟ್ಟಿಯಿಂದ ಹೊಟ್ಟೆ ತುಂಬುವುದಿಲ್ಲ. ರಾತ್ರಿ ಮನೆಯಲ್ಲಿ ಅವರು ಮತ್ತೆ ಉಣ್ಣುತ್ತಾರಂತೆ.